ಕೆಳಗೆ ಒಬ್ಬರಿದ್ದರೆ ಮೇಲೆ ಒಬ್ಬರು

ಬಾಲಿಯಿಂದ ಬಂದು ಮೂರು ವಾರ ಆಯ್ತು. ಫೋಟೋ ಯಾಕೆ ಹಾಕಿಲ್ಲ ಅಂತ ಅಂಗಡಿಗೆ ಬಂದವರೆಲ್ಲ ಕೇಳ್ತಿದ್ದಾರೆ. ಹಾಕಬೇಕು ಅಂತ ಕೂತರೆ ಬರೀ ಫೋಟೋ ಹಾಕಿ ಸುಮ್ಮನಾಗೋಕೆ ಮನಸ್ಸು ಬರಲಿಲ್ಲ. ಬರಹ ಸ್ವಲ್ಪ ಉದ್ದ ಆಗಿದೆ. ಮನೆಯಲ್ಲಿ ಈಜೋ ವಯಸ್ಸಿನ ಮಕ್ಕಳಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಹುಟ್ಟಿ ಬೆಳೆದಿದ್ದು ಹಿರಿಯೂರು ಕಡೆಯ ಹಳ್ಳಿ. ನನ್ನ ಬಾಮೈದ ಬೆಂಗಳೂರಲ್ಲಿದ್ದಾನೆ. ಅವನಿಗೆ ಎರಡು ವರ್ಷದಿಂದ ಫ್ರೀಡೈವಿಂಗ್ ಹುಚ್ಚು. ಬೆನ್ನಿಗೆ ಸಿಲಿಂಡರ್ ಇಲ್ಲ, ಬಾಯಿಗೆ ಪೈಪ್ ಇಲ್ಲ. ಒಂದು ಉಸಿರು ಎಳೆದುಕೊಂಡು ಮುಳುಗೋದು, ಅದೇ ಉಸಿರಲ್ಲಿ ಮೇಲೆ ಬರೋದು. "ಭಾವ, ನೀವು ಬಾವಿಯಲ್ಲಿ ಮಾಡ್ತಿದ್ದಿದ್ದು ಇದೇ ಅಲ್ವಾ? ಬನ್ನಿ ಒಂದ್ಸಲ" ಅಂತ ಕರೆದ.

ಬಾವಿಯಲ್ಲಿ ಮಾಡ್ತಿದ್ದಿದ್ದು ನಿಜ. ಏಳನೇ ಕ್ಲಾಸಿನ ಬೇಸಿಗೆ ರಜೆ ಆದಮೇಲೆ ಮಾಡಿಲ್ಲ ಅನ್ನೋದೂ ನಿಜ. ಕೆಲಸಕ್ಕೆ ಅಂತ ಎಷ್ಟೋ ಬಾವಿ ಕಟ್ಟೆಯ ಮೇಲೆ ನಿಂತಿದ್ದೇನೆ, ಮೋಟಾರ್ ಎತ್ತಿಸಿದ್ದೇನೆ. ಈಜೋಕೆ ಮಾತ್ರ ಇಳಿದಿರಲಿಲ್ಲ. ಹಾಗಿದ್ದೂ ಯಾಕೆ ಒಪ್ಪಿದೆ ಅಂದರೆ, ಒಂದು ಪ್ರಶ್ನೆ ಇತ್ತು. ಉತ್ತರ ಹೇಳುವವರು ಯಾರೂ ಸಿಕ್ಕಿರಲಿಲ್ಲ.

ನಾವು ಉಳಿದುಕೊಂಡಿದ್ದು ಆಮೆಡ್ ಅನ್ನೋ ಕಡೆ, ಬಾಲಿ ದ್ವೀಪದ ಈಶಾನ್ಯ ತೀರ. ಬೆನ್ನ ಹಿಂದೆ ಅಗುಂಗ್ ಅನ್ನೋ ಜ್ವಾಲಾಮುಖಿ ಬೆಟ್ಟ. ಹಾಗಾಗಿ ತೀರದ ಮರಳೂ ಕಪ್ಪು, ಕಲ್ಲೂ ಕಪ್ಪು. ಬೆಳಿಗ್ಗೆ ಒಂಬತ್ತಕ್ಕೇ ಅಂಗಾಲು ಸುಡುತ್ತದೆ, ಏಪ್ರಿಲ್ ತಿಂಗಳಲ್ಲಿ ದುರ್ಗದ ಕೋಟೆಯ ಬಂಡೆ ಮೇಲೆ ಚಪ್ಪಲಿ ಇಲ್ಲದೆ ನಿಂತ ಹಾಗೆ. ದಡದ ತುಂಬಾ ಜುಕುಂಗ್ ಅನ್ನೋ ದೋಣಿಗಳು. ಎರಡೂ ಪಕ್ಕ ಬಿದಿರಿನ ರೆಕ್ಕೆ, ಮುಂದೆ ಆನೆ ಮತ್ತು ಮೀನು ಸೇರಿದ ಮುಖ. ಮೆಟ್ಟಿಲು ಮೆಟ್ಟಿಲಿಗೂ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ. ಅದನ್ನು ನೋಡಿ ಪರದೇಶ ಅನ್ನಿಸಲೇ ಇಲ್ಲ.

ಅಲ್ಲಿಗೆ ಹೋಗುವವರೆಲ್ಲ ನೋಡೋದು ತುಲಾಂಬೆನ್‌ನ ಲಿಬರ್ಟಿ ಹಡಗನ್ನು. ಅಮೆರಿಕದ ಸರಕು ಹಡಗು ಅದು, ಸುಮಾರು 120 ಮೀಟರ್ ಉದ್ದ. 1942ರ ಜನವರಿ 11ರಂದು ಜಪಾನಿನ ಸಬ್‌ಮರೀನ್ ಟಾರ್ಪೆಡೊ ಹೊಡೆಯಿತು. ಎಳೆದುಕೊಂಡು ಹೋಗಿ ಉಳಿಸೋಣ ಅಂತ ನೋಡಿದರು, ಆಗಲಿಲ್ಲ. ತುಲಾಂಬೆನ್ ದಡಕ್ಕೆ ಹತ್ತಿಸಿ ಬಿಟ್ಟರು. ಇಪ್ಪತ್ತು ವರ್ಷ ದಡದಲ್ಲೇ ಇತ್ತು. 1963ರಲ್ಲಿ ಅಗುಂಗ್ ಸಿಡಿದಾಗ ನೆಲ ನಡುಗಿ ನೀರಿಗೆ ಜಾರಿತು. ಈಗ ಅದನ್ನು ನೋಡೋಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಬರುತ್ತಾರೆ. ನಾವು ಹೋಗಿದ್ದು ಅಲ್ಲಿಗಲ್ಲ. ಅದಕ್ಕೇ ಬಂದವರೆಲ್ಲ "ಅಷ್ಟು ದೂರ ಹೋಗಿ ದೊಡ್ಡದನ್ನೇ ಬಿಟ್ಟು ಬಂದ್ರಾ?" ಅಂತಾರೆ.

ಬಿಟ್ಟಿದ್ದು ನಮಗೆ ಕಲಿಸಿದವರ ಮಾತು ಕೇಳಿ. ಅವರು ಅಲ್ಲಿಯ ಮೀನುಗಾರರ ಮನೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಒಳಗೆ. ಎರಡು ದಿನ ನಮ್ಮನ್ನು ನೋಡಿ, "ನಿಮಗೆ ಸರಿಯಾದ ಹಡಗು ಬಾನ್ಯುನಿಂಗ್‌ನಲ್ಲಿದೆ" ಅಂದರು. ಆಮೆಡ್ ರಸ್ತೆಯಲ್ಲೇ ಇನ್ನೂ ಮುಂದೆ ಹೋದರೆ ಸಿಗುವ ಊರು. ಅಲ್ಲಿ ಒಂದು ಸಣ್ಣ ಹಡಗು ಮುಳುಗಿದೆ. ಜಪಾನಿ ಹಡಗು ಅಂತ ಕರೆಯುತ್ತಾರೆ. ದಡದಿಂದ ಈಜಿಕೊಂಡೇ ಹೋಗಬಹುದು. ತಳ ಅಂದರೂ ಹನ್ನೆರಡು ಮೀಟರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ನಲವತ್ತು ಅಡಿ.

ನಲವತ್ತು ಅಡಿ ಅಂದ ಕೂಡಲೇ ನನಗೆ ನಮ್ಮ ತೋಟದ ಬಾವಿ ಕಣ್ಣಿಗೆ ಬಂತು.

ನಮ್ಮ ದೊಡ್ಡಪ್ಪನ ಮಗ ನನಗಿಂತ ಮೂರು ವರ್ಷ ದೊಡ್ಡವನು. ಅಣ್ಣ ಅಂತಲೇ ಕರೀತಿದ್ದೆ. ನನ್ನ ಸೊಂಟಕ್ಕೆ ಕತ್ತಾಳೆ ಬೆಂಡು ಕಟ್ಟಿ ಈಜು ಕಲಿಸಿದವನು ಅವನೇ. ಬೇಸಿಗೆ ಬಂದರೆ ನಮ್ಮದು ಒಂದೇ ಆಟ. ತಳ ಮುಟ್ಟಿ ಹಿಡಿ ಮಣ್ಣು ತರಬೇಕು. ತಂದವನು ಗೆದ್ದ. ಅಣ್ಣ ಒಂದು ಉಪಾಯ ಕಂಡುಕೊಂಡಿದ್ದ. ಮುಳುಗೋ ಮುಂಚೆ ಜೋರಾಗಿ, ಬೇಗ ಬೇಗ, ಹತ್ತು ಇಪ್ಪತ್ತು ಸಲ ಉಸಿರು ಎಳೆದು ಬಿಡೋದು. ಹಾಗೆ ಮಾಡಿದರೆ ತುಂಬಾ ಹೊತ್ತು ಒಳಗಿರಬಹುದು ಅಂತಿದ್ದ. ನಿಜವಾಗಿಯೂ ಇರ್ತಿದ್ದ.

ಆ ದಿನವೂ ಹಾಗೇ ಮಾಡಿ ಮುಳುಗಿದ. ನಾವು ನಾಲ್ಕು ಜನ ಮೆಟ್ಟಿಲ ಮೇಲೆ ಕೂತು ಎಣಿಸುತ್ತಿದ್ದೆವು. ನೀರು ಹಸಿರು, ಮೂರಡಿ ಕೆಳಗೆ ಏನೂ ಕಾಣ್ತಿರಲಿಲ್ಲ. ನೂರು ದಾಟಿದಾಗ ಚಪ್ಪಾಳೆ ತಟ್ಟಿದೆವು. ನೂರೈವತ್ತು ಆದಮೇಲೆ ನಮ್ಮಲ್ಲಿ ಚಿಕ್ಕವನು ಅಳೋಕೆ ಶುರು ಮಾಡಿದ. ದೊಡ್ಡವರು ಓಡಿ ಬಂದು ಹುಡುಕಿ ಎತ್ತಿದಾಗ ಅವನ ಉಗುರಿನ ಸಂದಿಯಲ್ಲಿ ತಳದ ಕಪ್ಪು ಕೆಸರು ಹಾಗೇ ಇತ್ತು. ತಳ ಮುಟ್ಟಿದ್ದ. ವಾಪಸ್ ಹೊರಟಿದ್ದ. ಅಷ್ಟು ಚೆನ್ನಾಗಿ ಈಜುವವನು ಮೇಲೆ ಯಾಕೆ ಬರಲಿಲ್ಲ? ಇದೇ ನನ್ನ ಪ್ರಶ್ನೆ. ಊರಲ್ಲಿ ಗಂಗಮ್ಮ ಕರ್ಕೊಂಡ್ಳು ಅಂದರು. ಬಾವಿಗೆ ಜಾಲಿ ಮುಳ್ಳು ಬಡಿದರು.

ಉತ್ತರ ಸಿಕ್ಕಿದ್ದು ಆಮೆಡ್‌ನಲ್ಲಿ, ಮೊದಲನೇ ದಿನದ ಪಾಠದಲ್ಲಿ, ಒಂದು ಬಿಳಿ ಬೋರ್ಡಿನ ಮುಂದೆ.

ನಮಗೆ ಉಸಿರು ಕಟ್ಟಿದಾಗ ಎದೆ ಒದ್ದಾಡುತ್ತದೆಯಲ್ಲ, ಅದು ಆಮ್ಲಜನಕ ಖಾಲಿಯಾಗಿದ್ದಕ್ಕಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗಿದ್ದಕ್ಕೆ. "ಸಾಕು, ಮೇಲೆ ಹೋಗು" ಅಂತ ದೇಹ ಹೊಡೆಯೋ ಗಂಟೆ ಅದು. ಮುಳುಗೋ ಮುಂಚೆ ಜೋರು ಜೋರಾಗಿ ಉಸಿರಾಡಿದರೆ ಡೈಆಕ್ಸೈಡ್ ತುಂಬಾ ಹೊರಗೆ ಹೋಗಿಬಿಡುತ್ತದೆ. ಆಮ್ಲಜನಕ ಮಾತ್ರ ಹೆಚ್ಚಿಗೆ ಏನೂ ತುಂಬಿಕೊಳ್ಳಲ್ಲ. ಅಂದರೆ ಗಂಟೆ ಹೊಡೆಯೋದು ತಡ ಆಗುತ್ತದೆ, ಆಮ್ಲಜನಕ ತನ್ನ ಪಾಡಿಗೆ ಮುಗೀತಾ ಇರುತ್ತದೆ.

ನನ್ನ ಕೆಲಸದಲ್ಲಿ ಇದನ್ನು ದಿನಾ ನೋಡ್ತೇನೆ. ಸ್ಟಾರ್ಟರ್‌ನಲ್ಲಿ ರಿಲೇ ಇರೋದು ಯಾಕೆ? ಮೋಟಾರಿಗೆ ಲೋಡ್ ಜಾಸ್ತಿ ಆದರೆ ಟ್ರಿಪ್ ಆಗಲಿ ಅಂತ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ರೈತರು ಬೇಸತ್ತು ರಿಲೇ ಬೈಪಾಸ್ ಮಾಡಿಸಿಬಿಡುತ್ತಾರೆ. ಆಮೇಲೆ ಮೋಟಾರ್ ಒಂದು ಸದ್ದಿಲ್ಲದೆ ಓಡುತ್ತದೆ. ನೀರೂ ಚೆನ್ನಾಗಿ ಬರುತ್ತದೆ. ಒಂದು ದಿನ ವೈಂಡಿಂಗ್ ಸುಟ್ಟು ನನ್ನ ಟೇಬಲ್ ಮೇಲೆ ಬಂದು ಕೂರುತ್ತದೆ. ಅಣ್ಣ ಕಂಡುಹಿಡಿದ ಉಪಾಯ ಅದೇ. ಹದಿನೈದು ವರ್ಷದ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು?

ಇನ್ನೊಂದು ಸಂಗತಿ ಇದೆ. ಹತ್ತು ಮೀಟರ್ ಕೆಳಗೆ ಒತ್ತಡ ಎರಡರಷ್ಟು. ಎದೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆ ಒತ್ತಡದಲ್ಲಿ ಉಳಿದಿರೋ ಸ್ವಲ್ಪ ಆಮ್ಲಜನಕವೇ ರಕ್ತಕ್ಕೆ ಸಾಕಾಗುತ್ತಿರುತ್ತದೆ. ಹಾಗಾಗಿ ತಳದಲ್ಲಿ ಆರಾಮ ಅನ್ನಿಸುತ್ತದೆ. ಮೇಲೆ ಬರ್ತಾ ಬರ್ತಾ ಒತ್ತಡ ಇಳಿಯುತ್ತದೆ, ಆಮ್ಲಜನಕ ರಕ್ತಕ್ಕೆ ಸೇರೋದು ಕಡಿಮೆಯಾಗುತ್ತದೆ. ಕೊನೆಯ ಕೆಲವು ಮೀಟರ್‌ಗಳಲ್ಲಿ ಎಚ್ಚರ ತಪ್ಪುತ್ತದೆ. ಆಳದಲ್ಲಲ್ಲ, ಮೇಲೆ ಬೆಳಕು ಕಾಣೋ ಜಾಗದಲ್ಲಿ. ಕೆಲವು ಸಲ ತಲೆ ಹೊರಗೆ ಬಂದಮೇಲೂ.

ಆ ಬೋರ್ಡಿನ ಮುಂದೆ ನಾನು ತುಂಬಾ ಹೊತ್ತು ಮಾತಾಡಲಿಲ್ಲ. ಬಾಮೈದನಿಗೆ ಅವತ್ತು ರಾತ್ರಿ ಎಲ್ಲ ಹೇಳಿದೆ.

ಇದಕ್ಕೆ ಪರಿಹಾರ ಅಂತ ಅವರು ಕಲಿಸಿದ್ದು ಒಂದೇ ನಿಯಮ. ಒಬ್ಬರು ಕೆಳಗಿದ್ದರೆ ಒಬ್ಬರು ಮೇಲಿರಬೇಕು. ಇಬ್ಬರೂ ಒಟ್ಟಿಗೆ ಮುಳುಗೋ ಹಾಗಿಲ್ಲ, ಒಬ್ಬರೇ ಹೋಗೋ ಹಾಗಂತೂ ಇಲ್ಲವೇ ಇಲ್ಲ. ಮೇಲಿರುವವರು ಮುಖ ನೀರಲ್ಲಿಟ್ಟು ನೋಡ್ತಾನೇ ಇರಬೇಕು. ಕೆಳಗಿನವರು ಹೊರಟಾಗ ತಾವೂ ಸ್ವಲ್ಪ ಇಳಿದು ಎದುರುಗೊಳ್ಳಬೇಕು, ಜೊತೆಯಲ್ಲೇ ಮೇಲೆ ಬರಬೇಕು. ಬಂದಮೇಲೂ ಮೂವತ್ತು ಸೆಕೆಂಡ್ ಕಣ್ಣು ತೆಗೆಯಬಾರದು. ಎಚ್ಚರ ತಪ್ಪಿದರೆ ಮುಖ ನೀರಿನಿಂದ ಎತ್ತಿ ಹಿಡಿಯಬೇಕು, ಮಾಸ್ಕ್ ತೆಗೆದು ಕಣ್ಣಿನ ಕೆಳಗೆ ಊದಬೇಕು, ಕೆನ್ನೆ ತಟ್ಟಿ ಹೆಸರು ಹಿಡಿದು ಕರೆಯಬೇಕು. ಬೇಗ ಎತ್ತಿದರೆ ಬಹಳಷ್ಟು ಜನಕ್ಕೆ ಕೆಲವೇ ಸೆಕೆಂಡಿನಲ್ಲಿ ಉಸಿರು ವಾಪಸ್ ಬರುತ್ತದೆ. ಬರದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು.

ಕೆಲವೇ ಸೆಕೆಂಡು. ನಾವು ನಾಲ್ಕು ಜನ ಮೆಟ್ಟಿಲ ಮೇಲೆ ಕೂತಿದ್ದೆವು.

ಮೂರನೇ ದಿನ ಬಾನ್ಯುನಿಂಗ್‌ಗೆ ಹೋದೆವು. ಬೆಳಿಗ್ಗೆ ಏಳು ಗಂಟೆ, ಸಮುದ್ರ ಕೆರೆಯ ಹಾಗೆ ನಿಂತಿತ್ತು. ನಮ್ಮ ಮೂವರನ್ನು ಬಿಟ್ಟರೆ ಯಾರೂ ಇಲ್ಲ. ಸ್ವಲ್ಪ ದೂರ ಈಜಿ ಮುಖ ನೀರಿಗಿಟ್ಟೆ. ಹಡಗು ಹಾಗೇ ಕೆಳಗೆ ಕಾಣ್ತಿತ್ತು. ನನಗೆ ಮೊದಲು ಅನ್ನಿಸಿದ್ದು ಅದರ ಬಗ್ಗೆ ಅಲ್ಲ, ನೀರಿನ ಬಗ್ಗೆ. ತಳದವರೆಗೂ ಕಾಣುತ್ತೆ. ನಮ್ಮ ಬಾವಿ ಹೀಗೆ ಕಾಣ್ತಿದ್ದಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು.

ತೇಲುವ ಬುರುಡೆ ಹಿಡಿದುಕೊಂಡು ಎರಡು ನಿಮಿಷ ಸುಮ್ನೆ ಮಲಗಿದೆ. ಮೆಲ್ಲಗೆ ಉಸಿರಾಟ, ಜೋರಿಲ್ಲ. ಕೊನೆಗೆ ಹೊಟ್ಟೆ ತುಂಬಾ, ಎದೆ ತುಂಬಾ ಒಂದು ಉಸಿರು. ಬಾಮೈದ ನನ್ನ ತೋಳು ಮುಟ್ಟಿ, "ನಾನಿದ್ದೀನಿ ಭಾವ" ಅಂದ. ಮುಳುಗಿದೆ.

ಮೂರು ಮೀಟರ್‌ಗೆಲ್ಲ ಕಿವಿ ಹಿಸುಕುತ್ತದೆ. ಮೂಗು ಹಿಡಿದು ಗಾಳಿ ತಳ್ಳಿದರೆ ಕಿವಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಇನ್ನೊಂದು ಸಲ. ಮತ್ತೊಂದು ಸಲ. ಎದೆ ಬಡಿತ ನಿಧಾನ ಆಗೋದು ನನಗೇ ತಿಳೀತು. ಮುಖಕ್ಕೆ ನೀರು ತಾಗಿ ಉಸಿರು ಹಿಡಿದರೆ ಎಲ್ಲರ ದೇಹವೂ ಹಾಗೆ ಮಾಡುತ್ತದಂತೆ. ಹಡಗಿನ ಪಕ್ಕಕ್ಕೆ ಇಳಿದೆ. ಕಬ್ಬಿಣ ಅಂತ ಗುರುತಿಸೋಕೆ ಆಗದ ಹಾಗೆ ಹವಳ ಮುತ್ತಿಕೊಂಡಿತ್ತು. ಬೀಸಣಿಗೆಯ ಹಾಗೆ ಅಗಲವಾಗಿ ಹರಡಿಕೊಂಡ ಹವಳ, ಅದರ ಹಿಂದೆ ಕಿತ್ತಳೆ ಬಣ್ಣದ ಸಣ್ಣ ಮೀನುಗಳ ಹಿಂಡು. ಎಲ್ಲಿಂದಲೋ ಕಟ್ ಕಟ್ ಅಂತ ಸದ್ದು, ಮಂಡಕ್ಕಿ ಜೊತೆ ಹುರಿಗಡಲೆ ಅಗಿದ ಹಾಗೆ. ಗಿಳಿಮೀನು ಹವಳ ಕಚ್ಚಿ ತಿನ್ನುವ ಸದ್ದು. ಕೈ ಚಾಚಿದರೆ ಸಿಗುತ್ತಿತ್ತು, ಚಾಚಲಿಲ್ಲ. ಅಷ್ಟು ವರ್ಷ ತೆಗೆದುಕೊಂಡು ಬೆಳೆದ ಹವಳ ಒಂದು ಬೆರಳು ತಾಗಿದರೆ ಸಾಯಬಹುದು ಅಂತ ಮೊದಲೇ ಹೇಳಿದ್ದರು. ಒಳಗೆ ನುಗ್ಗಲೂ ಬಾರದು. ತಲೆ ಮೇಲೆ ಸೂರು ಇದ್ದರೆ ನೇರ ಮೇಲಕ್ಕೆ ಬರೋಕೆ ದಾರಿ ಇರಲ್ಲ.

ತಳದಲ್ಲಿ ಕಪ್ಪು ಮರಳಿತ್ತು. ನನ್ನ ಕೈ ಅದರ ಕಡೆ ಹೋಯಿತು. ಹಿಡಿ ಮಣ್ಣು ತರೋ ಅಭ್ಯಾಸ ಇಷ್ಟು ವರ್ಷ ಆದರೂ ಕೈಯಿಂದ ಹೋಗಿರಲಿಲ್ಲ. ಅಲ್ಲಿಗೇ ನಿಲ್ಲಿಸಿ ತಿರುಗಿದೆ. ಅರ್ಧ ದಾರಿಯಲ್ಲಿ ಬಾಮೈದ ಎದುರು ಬಂದಿದ್ದ. ನನ್ನ ಕಣ್ಣನ್ನೇ ನೋಡ್ತಾ, ನನ್ನ ಜೊತೆ ಜೊತೆಗೇ ಮೇಲೆ ಬಂದ. ಹೊರಗೆ ಬಂದಮೇಲೂ ಅವನು ಏನೂ ಮಾತಾಡಲಿಲ್ಲ, ನೋಡ್ತಾನೇ ಇದ್ದ. ಮೂವತ್ತು ಸೆಕೆಂಡ್ ಆದಮೇಲೆ ನಕ್ಕ. ನಾನು ಮಾಸ್ಕ್ ತೆಗೆದು ಅತ್ತೆ.

ಈಗ ಊರಿನ ಮಾತು. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು, 1933 ಆದಮೇಲೆ ಮೊದಲ ಸಲ. ನಮ್ಮ ಮಾರಿಕಣಿವೆ ತುಂಬಿದ್ದನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಬತ್ತಿದ ಬಾವಿಗಳಲ್ಲಿ ನೀರು ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೃಷಿ ಹೊಂಡಗಳೂ ತೋಟ ತೋಟಕ್ಕೆ ಆಗಿವೆ. ನಮ್ಮ ಮಕ್ಕಳು ನೀರು ಕಾಣದೆ ಬೆಳೆದವರು. ಈಗ ನೀರು ಬಂದಿದೆ, ಈಜು ಬಂದಿಲ್ಲ. ಈಜು ಬಂದವರಿಗೂ ನಮ್ಮ ಹಳೇ ಆಟಗಳು ಮಾತ್ರ ಗೊತ್ತು. ಕೃಷಿ ಹೊಂಡ ಅಂತೂ ಪ್ಲಾಸ್ಟಿಕ್ ಹಾಳೆ ಹಾಸಿದ್ದು, ಪಾಚಿ ಕಟ್ಟಿ ಜಾರುತ್ತದೆ. ಒಳಗೆ ಬಿದ್ದರೆ ದೊಡ್ಡವರೇ ಹತ್ತಿ ಬರೋಕಾಗಲ್ಲ.

ನೀರಿನ ಹತ್ತಿರ ಹೋಗಬೇಡಿ ಅಂತ ಮಕ್ಕಳಿಗೆ ಹೇಳಿ ಪ್ರಯೋಜನ ಇಲ್ಲ. ನಮಗೂ ಹೇಳಿದ್ದರು, ನಾವು ಹೋದೆವು. ನಾನು ಕೇಳಿಕೊಳ್ಳೋದು ಇಷ್ಟೇ. ಉಸಿರು ಹಿಡಿಯೋ ಪಂದ್ಯ ಬೇಡ ಅಂತ ಹೇಳಿ, ಯಾಕೆ ಬೇಡ ಅನ್ನೋದನ್ನೂ ಹೇಳಿ. ಜೋರಾಗಿ ಉಸಿರಾಡಿ ಮುಳುಗೋದನ್ನು ಕಂಡರೆ ತಡೆಯಿರಿ. ಒಬ್ಬ ನೀರಲ್ಲಿದ್ದರೆ ಇನ್ನೊಬ್ಬ ಅವನನ್ನೇ ನೋಡ್ತಾ ಇರಬೇಕು ಅಂತ ಅಭ್ಯಾಸ ಮಾಡಿಸಿ, ಅದೂ ಆಟದ ನಿಯಮವೇ ಅನ್ನೋ ಹಾಗೆ. ತಳ ಕಾಣದ ಬಾವಿಯಲ್ಲಿ ಮುಳುಗೋ ಆಟವೇ ಬೇಡ, ಮೇಲಿದ್ದವನು ನೋಡಿದರೂ ಏನು ಕಾಣುತ್ತೆ? ಹೊಂಡದ ಅಂಚಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಗಾಳಿ ತುಂಬಿದ ಒಂದು ಲಾರಿ ಟ್ಯೂಬ್ ಇಡಿ. ಹಳೇ ಟ್ಯೂಬ್ ಬೇಕಾದವರು ನಮ್ಮ ಅಂಗಡಿಗೆ ಬನ್ನಿ. ಪಂಕ್ಚರ್ ಹಾಕಿಸಿ ಇಟ್ಟಿದ್ದೇನೆ, ದುಡ್ಡು ಬೇಡ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡಮ್ಮ ಜಗಲಿ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬೋರ್ಡಿನ ಮೇಲೆ ಬರೆದಿದ್ದು, ಗಂಟೆ ಹೊಡೆಯೋದು, ರಿಲೇ, ಎಲ್ಲ. ಅವರು ಕೇಳಿಸಿಕೊಂಡು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅವತ್ತು ಮುದ್ದೆ ಉಣ್ಣಿಸಿ ಆಗಿಂದಾಗ್ಲೇ ಕಳಿಸಿದ್ದೆ ಕಣಪ್ಪ. ಹೊಟ್ಟೆ ಭಾರಕ್ಕೇ ಮುಳುಗ್ದ ಅಂದ್ಕಂಡಿದ್ದೆ, ಇಷ್ಟ್ ದಿನಾನೂ."

"ಮುದ್ದೆಯಿಂದ ಅಲ್ಲ ದೊಡ್ಡಮ್ಮ."

"ನೋವಾಗಿರುತ್ತಾ ಅವನಿಗೆ?"

"ಇಲ್ಲ. ಗೊತ್ತೇ ಆಗಲ್ಲ. ನಿದ್ದೆ ಬಂದ ಹಾಗೆ."

ಸೆರಗಿನಿಂದ ಕಣ್ಣೊರೆಸಿಕೊಂಡು, ಸಮುದ್ರ ತೋರಿಸು ಅಂದರು. ಮೊಬೈಲಲ್ಲಿ ವಿಡಿಯೋ ಹಾಕಿದೆ. ಟೀಚರ್ ಪಕ್ಕದಿಂದ ತೆಗೆದಿದ್ದು. ನಾನು ಹಡಗಿನ ಹತ್ತಿರ ಇಳೀತಾ ಇದ್ದೇನೆ, ಮೇಲೆ ಬಾಮೈದ ಕೈಕಾಲು ಚಾಚಿ ತೇಲ್ತಾ ಇದ್ದಾನೆ. ಹಡಗು, ಮೀನು ಯಾವುದನ್ನೂ ಅವರು ನೋಡಲಿಲ್ಲ. ಪರದೆಯ ಮೇಲ್ಭಾಗಕ್ಕೆ ಬೆರಳಿಟ್ಟು ಕೇಳಿದರು.

"ಇವ್ನ್ಯಾರು, ಮೇಲಿರೋನು?"

"ನನ್ನ ಬಾಮೈದ."

"ಯಾಕೆ ಸುಮ್ನೆ ನಿನ್ನೇ ನೋಡ್ತಾ ಅವ್ನೆ?"

"ಅದೇ ಅವನ ಕೆಲಸ ದೊಡ್ಡಮ್ಮ."

ವಿಡಿಯೋ ಮುಗೀತು. ಇನ್ನೊಂದ್ಸಲ ಹಾಕು ಅಂದರು.