ಸೂರ್ಯ ಮುಳುಗಿದ ಮೇಲೂ ಡೆಕ್ ಬಿಡಬೇಡಿ

ಸಂಜೆಯ ದೋಣಿ ವಿಹಾರದಲ್ಲಿ ಸೂರ್ಯ ಮುಳುಗಿದ ಕೂಡಲೇ ಒಳಗೆ ಹೋಗಿ ಡ್ರಿಂಕ್ಸ್ ಶುರು ಮಾಡಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನನಗೆ ಇದು ಒಪ್ಪಿಗೆಯಿಲ್ಲ. ಒಳ್ಳೆಯ ಬಣ್ಣ ಬರುವುದೇ ಆಮೇಲೆ! ಸೂರ್ಯ ಕೆಳಗಿಳಿದರೂ ಬೆಳಕು ಮೋಡಗಳ ತಳಕ್ಕೆ ತಾಗುತ್ತಿರುತ್ತದೆ. ಗಾಳಿಯಲ್ಲಿ ಅಷ್ಟು ದೂರ ಸಾಗಿ ಬರುವಾಗ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. ಇನ್ನೊಂದು ಹತ್ತಿಪ್ಪತ್ತು ನಿಮಿಷ ಡೆಕ್ ಮೇಲೆಯೇ ಇರಿ. ಅಷ್ಟರಲ್ಲಿ ದಡದ ದೀಪಗಳೂ ಹೊತ್ತಿಕೊಳ್ಳುತ್ತವೆ. ಅದನ್ನು ಬಿಟ್ಟು ಒಳಗೆ ಕೂರುವುದು ನಷ್ಟ ಅಲ್ವಾ?

ಕುಡಿಯಲೇಬೇಡಿ ಅನ್ನುತ್ತಿಲ್ಲ. ಆದರೆ ಜಾಸ್ತಿಯಾದರೆ ಅಲೆಯ ಓಲಾಟಕ್ಕೆ ಹೊಟ್ಟೆ ಬೇಗ ತೊಳಸುತ್ತದೆ, ಮಧ್ಯೆ ಮಧ್ಯೆ ನೀರು ಕುಡಿಯಿರಿ. ತಲೆ ಸುತ್ತುವವರು ದೋಣಿಯ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಿ, ಅಲ್ಲಿ ಅಲುಗಾಟ ಕಡಿಮೆ. ಲೈಫ್ ಜಾಕೆಟ್ ಮಾತ್ರ ಫೋಟೋಗೋಸ್ಕರ ಕೂಡ ಬಿಚ್ಚಬೇಡಿ.