ಅಪೊಲೊ 11: ಅಳಿದದ್ದು ಯಾವ ಟೇಪು?

"ಅಪೊಲೊ 11ರ ಟೇಪುಗಳನ್ನೆಲ್ಲ ನಾಸಾ ಅಳಿಸಿಬಿಟ್ಟಿದೆ, ಈಗ ದಾಖಲೆಯೇ ಇಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಚಂದ್ರನಿಂದ ನೇರವಾಗಿ ಬಂದ, ಸೆಕೆಂಡಿಗೆ 10 ಚಿತ್ರಗಳ ಮೂಲ ಟಿವಿ ಸಂಕೇತವಿದ್ದ ಟೇಪುಗಳು ಸಿಗಲಿಲ್ಲ. ಬಹುಶಃ ಅಳಿಸಿ ಮತ್ತೆ ಬಳಸಿರಬೇಕು ಎಂದು 2009ರಲ್ಲಿ ನಾಸಾ ಹೇಳಿತು. ಆದರೆ 1969ರಲ್ಲಿ ಜನ ಟಿವಿಯಲ್ಲಿ ನೋಡಿದ ಪ್ರಸಾರದ ಪ್ರತಿಗಳು ಉಳಿದಿವೆ. ಫೋಟೋಗಳಿವೆ, ಯಾತ್ರಿಗಳು ಭೂಮಿಯ ನಿಯಂತ್ರಣ ಕೇಂದ್ರದೊಡನೆ ಆಡಿದ ಮಾತುಕತೆಯ ಧ್ವನಿಮುದ್ರಣವೂ ಇದೆ.

ದಾಖಲೆಯೇ ಇಲ್ಲ ಅಂತ ಸುಮ್ನೆ ಹೇಳಿದರೆ, ಆ ಮಾತುಕತೆಯನ್ನು ಬರಹದಲ್ಲಿ ಸರಿಯಾಗಿ ದಾಖಲಿಸಿದ ಸ್ವಯಂಸೇವಕರ ವರ್ಷಗಳ ದುಡಿಮೆಗೆ ಅನ್ಯಾಯ ಅಲ್ವಾ? ಅವರು ಆ ಮಾತುಗಳನ್ನು ಮತ್ತೆ ಮತ್ತೆ ಕೇಳಿ, ಹಳೆಯ ಟೈಪ್ ಪ್ರತಿಯ ತಪ್ಪುಗಳನ್ನು ತಿದ್ದಿದ್ದಾರೆ. ಈ ಬರಹದ ದಾಖಲೆಯಾದ 'ಅಪೊಲೊ ಲೂನಾರ್ ಸರ್ಫೇಸ್ ಜರ್ನಲ್'ನ ಸಂಪಾದಕ ಎರಿಕ್ ಜೋನ್ಸ್ ಅವರಂತೂ ಚಂದ್ರನ ಮೇಲೆ ನಡೆದ 12 ಜನರಲ್ಲಿ 10 ಜನರ ನೆರವು ಪಡೆದರು. ಆ ಯಾತ್ರಿಗಳ ನೆನಪು, ವಿವರಣೆ ಈ ದಾಖಲೆಯಲ್ಲಿ ಅವರದೇ ಮಾತಿನ ಸಾಲುಗಳ ನಡುವೆ ಸೇರಿವೆ.