ರಾತ್ರಿ ಎದೆಯುರಿಗೆ ತಣ್ಣನೆ ಹಾಲು, ಎರಡು ದಿಂಬು: ಆ ಮೆಸೇಜ್ ಬಗ್ಗೆ ಸ್ಪಷ್ಟನೆ

ನಮ್ಮ ಗಂಗಾವತಿ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ರಾತ್ರಿ ಹುಳಿತೇಗು, ಎದೆಯುರಿ ಇದ್ದರೆ ಮಲಗುವ ಮುಂಚೆ ಒಂದು ಲೋಟ ತಣ್ಣನೆ ಹಾಲು ಕುಡಿಯಿರಿ, ತಲೆಗೆ ಎರಡು ದಿಂಬು ಇಟ್ಟುಕೊಳ್ಳಿ, ಮಾತ್ರೆ ಬೇಡವೇ ಬೇಡ ಅಂತ. ದಯವಿಟ್ಟು ಇದನ್ನು ಹಾಗೇ ನಂಬಬೇಡಿ.

ಹಾಲು ಕುಡಿದ ತಕ್ಷಣ ಹಾಯೆನಿಸುವುದು ನಿಜ. ಆದರೆ ಅದರಲ್ಲಿರುವ ಕೊಬ್ಬು, ಪ್ರೋಟೀನ್ ಅರಗಿಸಲು ಹೊಟ್ಟೆ ಮತ್ತೆ ಆಮ್ಲ ಬಿಡುತ್ತದೆ, ಅದೂ ನೀವು ಅಡ್ಡಾದ ಮೇಲೆ, ಆಗ ಅದು ಗಂಟಲಿನ ಕಡೆ ಸಲೀಸಾಗಿ ಏರುತ್ತದೆ ಅಲ್ವಾ?

ಎರಡು ದಿಂಬಿಟ್ಟರೆ ಕತ್ತು ಬಗ್ಗುತ್ತದೆ, ಹೊಟ್ಟೆ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ಅದರ ಬದಲು ಮಂಚದ ತಲೆ ಕಡೆಯ ಎರಡು ಕಾಲುಗಳ ಕೆಳಗೆ 6ರಿಂದ 8 ಇಂಚಿನ ಗಟ್ಟಿ ಮರದ ತುಂಡು ಇಡಿ. ನಮ್ಮ ಅಪ್ಪನಿಗೆ ಹೀಗೇ ಮಾಡಿದ್ದೇವೆ, ಈಗ ರಾತ್ರಿ ಎದ್ದು ಕೂರುವುದು ಎಷ್ಟೋ ಕಡಿಮೆಯಾಗಿದೆ. ಎಡ ಮಗ್ಗುಲಿಗೆ ಮಲಗುವುದೂ ಒಳ್ಳೆಯದು.

ಊಟಕ್ಕೂ ನಿದ್ದೆಗೂ 3 ಗಂಟೆ ಅಂತರ ಇರಲಿ. ಒಗ್ಗರಣೆ ಮಿರ್ಚಿ ರಾತ್ರಿ ಹೊತ್ತು ಬೇಡ.

ಇನ್ನು ಮಾತ್ರೆ. ಡಾಕ್ಟರ್ ಬರೆದುಕೊಟ್ಟಿದ್ದನ್ನು ಮೆಸೇಜ್ ನೋಡಿ ಸುಮ್ನೆ ನಿಲ್ಲಿಸಬೇಡಿ. ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ ತಡ ಮಾಡದೆ ತೋರಿಸಿ. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ, ಗ್ಯಾಸ್ ಇರಬೇಕು ಅಂತ ಬೆಳಗಿನವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.